ಮಗ ಗಾಳಿಪಟ ಹಿಡಿದು ಸಮುದ್ರಕ್ಕೆ ಇಳಿಯುತ್ತಾನೆಯೇ? ಬೈಯುವ ಮೊದಲು ಇದನ್ನು ಓದಿ



ಈ ಮಾಲಿಕೆಯಲ್ಲಿ ಮಂಡಿನೋವು, ಸಕ್ಕರೆ ಕಾಯಿಲೆ, ನಿದ್ದೆಗೇಡು ಎಲ್ಲ ಬಂದು ಹೋದವು. ಈ ವಾರದ ವಿಷಯ ನೋಡಿ ಕೆಲವರು "ಇದು ನಮಗ್ಯಾಕಪ್ಪ?" ಅಂತ ಮುಂದಕ್ಕೆ ಸರಿಸಬಹುದು. ದಯವಿಟ್ಟು ಸರಿಸಬೇಡಿ. ಚೆನ್ನೈ, ಪುಣೆ, ಮುಂಬೈ, ಹೈದರಾಬಾದಿನಲ್ಲಿ ಕೆಲಸಕ್ಕಿರುವ ಮಗನೋ ಮಗಳೋ ನಿಮಗಿದ್ದರೆ ಹತ್ತು ನಿಮಿಷ ಕೊಡಿ.

ಮೊದಲು ನಮ್ಮ ಮನೆಯದೇ ಕಥೆ ಹೇಳುತ್ತೇನೆ.

ನಾನು ಪುಣೆಯಲ್ಲಿ ಫಿಸಿಯೋಥೆರಪಿಸ್ಟ್. ಅಕ್ಕ, ಭಾವ ಮಾಟುಂಗಾದಲ್ಲಿದ್ದಾರೆ. ಅವರ ಮಗ ಚೆನ್ನೈನಲ್ಲಿ ಸಾಫ್ಟ್‌ವೇರ್ ಕೆಲಸ. ರಜೆ ಸಿಕ್ಕಿದರೆ ಸಾಕು, ರಾತ್ರಿ ರೈಲು ಹತ್ತಿ ರಾಮೇಶ್ವರಕ್ಕೆ ಹೋಗುತ್ತಾನೆ. ದೇವಸ್ಥಾನಕ್ಕಲ್ಲ, ಕೈಟ್‌ಸರ್ಫಿಂಗ್‌ಗೆ. ಹಲಗೆಯ ಮೇಲೆ ನಿಂತು, ಆಕಾಶದಲ್ಲಿರುವ ದೊಡ್ಡ ಗಾಳಿಪಟ ಎಳೆದಂತೆ ನೀರಿನ ಮೇಲೆ ಜಾರುವ ಆಟ. ಎರಡು ವರ್ಷ ಜಾರಿದ, ನೆಗೆದ. ಆಮೇಲೆ ಫೋನಿನಲ್ಲಿ ರೀಲ್ಸ್ ನೋಡಿ 'ಫ್ರೀಸ್ಟೈಲ್' ಕಸರತ್ತು ಕಲಿಯುವ ಹುಚ್ಚು ಹತ್ತಿತು. ಅಕ್ಕ ಒಂದೇ ಮಾತು ಹೇಳಿದ್ದಳು: "ಇನ್ನೊಂದು ಸಲ ಪೆಟ್ಟು ಮಾಡಿಕೊಂಡೆ ಅಂತ ಕೇಳಿದರೆ ಆ ಸಾಮಾನೆಲ್ಲ ಮಾರಿಸಿಬಿಡ್ತೀನಿ."

ಮಗ ಆಟ ಬಿಡಲಿಲ್ಲ, ಹೇಳುವುದನ್ನು ಬಿಟ್ಟ.

ಒಂದು ದಿನ ನೆಗೆತದಲ್ಲಿ ಬಲ ಭುಜ 'ಕಳಕ್' ಅಂದಿತು. ಕೀಲು ಅರ್ಧ ಜಾರಿ ತಾನೇ ಒಳಗೆ ಹೋಯಿತು. ಸ್ಪ್ರೇ ಹೊಡೆದುಕೊಂಡು ಸುಮ್ಮನಾದ. ಐದು ವಾರ ಬಿಟ್ಟು ಅದೇ ನೆಗೆತಕ್ಕೆ ಮತ್ತೆ ಇಳಿದ. ಈ ಸಲ ಕೀಲು ಪೂರ್ತಿ ತಪ್ಪಿತು. ದಡ ಇನ್ನೂರು ಮೀಟರ್ ದೂರ, ಒಂದು ಕೈ ಸತ್ತ ಹಾಗೆ, ಗಾಳಿಪಟ ನೀರಿನಲ್ಲಿ ಬಿದ್ದು ಎಳೆಯುತ್ತಿದೆ. ಮೀನುಗಾರರ ದೋಣಿಯವರು ನೋಡಿದ್ದರಿಂದ ಬದುಕಿದ. ರಾತ್ರಿ ಹತ್ತು ಗಂಟೆಗೆ ಅಕ್ಕನ ಫೋನ್ ಬಂತು, ಮಾತಿಗಿಂತ ಅಳುವೇ ಹೆಚ್ಚು.

ಮರುದಿನ ಅವನನ್ನು ಕೇಳಿದೆ: "ಮೊದಲ ಸಲವೇ ಯಾಕೋ ಹೇಳಲಿಲ್ಲ?"

"ಹೇಳಿದ್ದರೆ ಅಮ್ಮ ಬಿಡಿಸಿಬಿಡ್ತಿದ್ದಳು ಮಾಮಾ."

ನನ್ನ ಅಭಿಪ್ರಾಯವೆಲ್ಲ ಈ ಒಂದು ಉತ್ತರದಲ್ಲಿದೆ. *ಅವನ ಭುಜ ಎರಡನೆಯ ಸಲ ತಪ್ಪಿದ್ದಕ್ಕೆ ಆ ಆಟ ಎಷ್ಟು ಕಾರಣವೋ ಅವನು ಮುಚ್ಚಿಟ್ಟದ್ದೂ ಅಷ್ಟೇ ಕಾರಣ. ಮುಚ್ಚಿಡುವಂತೆ ಮಾಡಿದವರು ನಾವು.* ಆದ್ದರಿಂದ ನಿಮ್ಮ ಮಕ್ಕಳಿಗೆ "ಬೇಡ" ಅನ್ನುವ ಬದಲು "ಯಾವ ಮೆಟ್ಟಿಲಲ್ಲಿದ್ದೀಯ?" ಅಂತ ಕೇಳಿ. ಹಾಗೆ ಕೇಳಬೇಕಾದರೆ ಆ ಮೆಟ್ಟಿಲುಗಳು ನಿಮಗೂ ಗೊತ್ತಿರಬೇಕು.

*ಇದು ಪುಂಡಾಟವಲ್ಲ, ಕ್ರೀಡೆ*

ನಮ್ಮ ಹಿರಿಯರಿಗೆ ರಾಮೇಶ್ವರ ಎಂದರೆ ದೇವಸ್ಥಾನದ 22 ತೀರ್ಥಗಳ ಸ್ನಾನ, ಕಾಶಿಗೆ ಒಯ್ಯುವ ಸಮುದ್ರದ ಮರಳು. ಅದೇ ದ್ವೀಪ ಈಗ ಭಾರತದಲ್ಲಿ ಕೈಟ್‌ಸರ್ಫಿಂಗ್ ಕಲಿಯುವವರ ಮುಖ್ಯ ಜಾಗಗಳಲ್ಲಿ ಒಂದು. ಒಂದು ಕಡೆ ಮನ್ನಾರ್ ಕೊಲ್ಲಿ, ಇನ್ನೊಂದು ಕಡೆ ಪಾಕ್ ಕೊಲ್ಲಿ. ಬೇಸಗೆ ಮತ್ತು ಮಳೆಗಾಲದ ತಿಂಗಳುಗಳಲ್ಲಿ ನೈರುತ್ಯದ ಗಾಳಿ, ಚಳಿಗಾಲದಲ್ಲಿ ಈಶಾನ್ಯದ ಗಾಳಿ. ಪುಣೆ, ಮುಂಬೈನ ಹುಡುಗರು ಗೋವಾದ ಉತ್ತರ ತುದಿಯ ಕಡಲತೀರಗಳಿಗೂ ಹೋಗುತ್ತಾರೆ.

ಗಾಳಿ ತುಂಬಿದ ಕೊಳವೆಗಳಿರುವ, ನೀರಿಗೆ ಬಿದ್ದರೂ ಮತ್ತೆ ಏಳುವ ಗಾಳಿಪಟಕ್ಕೆ ಫ್ರಾನ್ಸಿನ ಬ್ರೂನೊ ಮತ್ತು ಡೊಮಿನಿಕ್ ಲೆಗೆನ್ಯೂ ಸಹೋದರರು 1984ರಲ್ಲಿ ಪೇಟೆಂಟ್ ಪಡೆದರು. 2024ರ ಪ್ಯಾರಿಸ್ ಒಲಿಂಪಿಕ್‌ನಲ್ಲಿ ಗಾಳಿಪಟದ ಓಟ ಪದಕದ ಸ್ಪರ್ಧೆಯಾಯಿತು. ನೌಕಾಸ್ಪರ್ಧೆಗಳೆಲ್ಲ ಮಾರ್ಸೇ ನಗರದ ಕಡಲಲ್ಲಿ ನಡೆದವು. ಕಸರತ್ತಿನ ಫ್ರೀಸ್ಟೈಲ್ ಒಲಿಂಪಿಕ್‌ನಲ್ಲಿ ಇಲ್ಲದಿದ್ದರೂ ಅದಕ್ಕೆ ತನ್ನದೇ ವಿಶ್ವ ಚಾಂಪಿಯನ್‌ಶಿಪ್ ಇದೆ. ಬ್ರಿಟನ್ನಿನ ಆರನ್ ಹ್ಯಾಡ್ಲೋ 2004ರಿಂದ 2008ರವರೆಗೆ ಸತತ ಐದು ವರ್ಷ ಗೆದ್ದರು. ಸ್ಪೇನಿನ ಹುಡುಗಿ ಗಿಸೆಲಾ ಪುಲಿದೊ 2004ರಲ್ಲಿ ವಿಶ್ವ ಚಾಂಪಿಯನ್ ಆದಾಗ ಅವಳಿಗೆ ಬರೀ 10 ವರ್ಷ.

ಆದ್ದರಿಂದ "ಕೆಲಸ ಇಲ್ಲದವರ ಆಟ" ಅನ್ನಬೇಡಿ. ಹಾಗೆಂದ ದಿನವೇ ನಿಮ್ಮ ಮಾತಿನ ತೂಕ ಹೋಗುತ್ತದೆ, ಮಕ್ಕಳು ಮುಂದಿನ ಮಾತು ಕೇಳುವುದಿಲ್ಲ.

*ಕೊಕ್ಕೆ ಹಾಕಿದ ಆಟ, ಕೊಕ್ಕೆ ಬಿಚ್ಚಿದ ಆಟ*

ಆಡುವವರು ಸೊಂಟಕ್ಕೆ ಗಟ್ಟಿ ಪಟ್ಟಿ ಕಟ್ಟಿರುತ್ತಾರೆ, ಹಾರ್ನೆಸ್ ಅನ್ನುತ್ತಾರೆ. ಅದರ ಮುಂದೆ ಒಂದು ಕೊಕ್ಕೆ. ಗಾಳಿಪಟದ ದಾರಗಳು ಸುಮಾರು 20ರಿಂದ 24 ಮೀಟರ್ ಉದ್ದ. ಅವು ಕೈಯಲ್ಲಿ ಹಿಡಿಯುವ ಅಡ್ಡಕೋಲಿಗೆ, ಅಂದರೆ ಬಾರ್‌ಗೆ ಬಂದು ಸೇರುತ್ತವೆ. ಬಾರ್‌ನ ಕೆಳಗಿನ ಬಳೆಯನ್ನು ಕೊಕ್ಕೆಗೆ ಸಿಕ್ಕಿಸಿದರೆ ಎಳೆತವೆಲ್ಲ ಸೊಂಟದ ಮೇಲೆ. ಕೈ ಬರೀ ಚುಕ್ಕಾಣಿ ತಿರುಗಿಸುತ್ತದೆ. ಜಾರುವುದು, ಎತ್ತರಕ್ಕೆ ನೆಗೆಯುವುದು, ಗಾಳಿಯಲ್ಲಿ ಹಿಂಪಲ್ಟಿ ಹೊಡೆಯುವುದು, ಇವನ್ನೆಲ್ಲ ಕೊಕ್ಕೆ ಹಾಕಿಕೊಂಡೇ ಮಾಡಬಹುದು.

ಮೇಲ್ಮಟ್ಟದ ಫ್ರೀಸ್ಟೈಲ್ ಶುರುವಾಗುವುದು ಕೊಕ್ಕೆ ಬಿಚ್ಚಿದಾಗ. ಆಗ ಇಡೀ ಗಾಳಿಪಟದ ಎಳೆತ ಎರಡು ಕೈಗೆ, ಎರಡು ಭುಜಕ್ಕೆ ಬರುತ್ತದೆ. ಮೊದಲ ದೊಡ್ಡ ಪಾಠಕ್ಕೆ 'ರೇಲಿ' ಎಂದು ಹೆಸರು. ಗಡಿಯಾರದ ಮುಖ ಕಣ್ಣಮುಂದೆ ತಂದುಕೊಳ್ಳಿ. ತಲೆಯ ನೇರ ಮೇಲೆ 12 ಗಂಟೆ. ಗಾಳಿಪಟವನ್ನು ಹತ್ತೂವರೆ ಅಥವಾ ಒಂದೂವರೆಯ ಜಾಗದಲ್ಲಿ ಇಟ್ಟು, ಕೊಕ್ಕೆ ಬಿಚ್ಚಿ, ವೇಗವಾಗಿ ಹೋಗುತ್ತ ಹಲಗೆಯ ಅಂಚನ್ನು ನೀರಿಗೆ ಒತ್ತಿ, ಕಾಲಿನಿಂದ ಚಿಮ್ಮಬೇಕು. ಚಿಮ್ಮಿದಾಗ ಮೈ ಪೂರ್ತಿ ಚಾಚಿಕೊಂಡು ಹೊಟ್ಟೆ ಕೆಳಗಾಗಿ ಹಾರುತ್ತದೆ, ಹಲಗೆ ಹಿಂದೆ ಮೇಲಕ್ಕೆ ಹೋಗುತ್ತದೆ. ಆಮೇಲೆ ಬಾರನ್ನು ಸೊಂಟದತ್ತ ಎಳೆದುಕೊಂಡು ಕಾಲು ಕೆಳಗೆ ತಂದು ಇಳಿಯಬೇಕು.

ಅದರ ಮುಂದಿನದು 'ಹ್ಯಾಂಡಲ್ ಪಾಸ್'. ಗಾಳಿಯಲ್ಲಿ ಮೈ ತಿರುಗಿಸುತ್ತ ಬಾರನ್ನು ಬೆನ್ನ ಹಿಂದಿನಿಂದ ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುವುದು. ಆ ಅರೆಕ್ಷಣ ಎಲ್ಲ ಎಳೆತ ಒಂದೇ ಕೈಯ ಮೇಲೆ. ದಾರ ಸಡಿಲವಾಗಿದ್ದರೆ ಬಾರ್ ಸಲೀಸಾಗಿ ದಾಟುತ್ತದೆ, ಬಿಗಿಯಾಗಿದ್ದರೆ ಭುಜವನ್ನು ಕೀಳುತ್ತದೆ. ದಾರ ಸಡಿಲವಾಗುವುದು ಕೈಯ ಬಲದಿಂದಲ್ಲ, ಹಲಗೆಯ ಅಂಚು ಒತ್ತಿ ಚಿಮ್ಮಿದ ಕ್ರಮದಿಂದ. ಅಂದರೆ *ಕೈಯ ಕಸರತ್ತು ಅಂತ ಕಾಣುವುದು ನಿಜವಾಗಿ ಕಾಲಿನ ಕೆಲಸ.* ಕಾಲಿನ ಪಾಠ ಮುಗಿಸದೆ ಕೈಯ ಪಾಠಕ್ಕೆ ಹೋದವನ ಭುಜ ತಪ್ಪಿದರೆ ಆಶ್ಚರ್ಯವಿಲ್ಲ. ನಮ್ಮ ಹುಡುಗ ಮಾಡಿದ ತಪ್ಪು ಇದೇ. ಚಿಮ್ಮಲು ಬರುತ್ತಿರಲಿಲ್ಲ, ಗಾಳಿಪಟವನ್ನು ಮೇಲಕ್ಕೆ ಎಳೆದು ಅದರ ಬಲದಿಂದ ಏರುತ್ತಿದ್ದ, ಬಿಗಿದ ದಾರಕ್ಕೆ ಭುಜ ಕೊಡುತ್ತಿದ್ದ.

*ಮೈ ಎಲ್ಲಿ ಮುರಿಯುತ್ತದೆ?*

ಜರ್ಮನಿಯ ವೈದ್ಯರು 235 ಕೈಟ್‌ಸರ್ಫರ್‌ಗಳನ್ನು ಆರು ತಿಂಗಳು ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಸಾವಿರ ಗಂಟೆ ಆಟಕ್ಕೆ ಸುಮಾರು 7 ಗಾಯ. ಪಾದ ಮತ್ತು ಕಣಕಾಲಿಗೆ ಶೇ 28, ತಲೆಗೆ ಶೇ 14, ಎದೆಗೆ ಶೇ 13, ಮಂಡಿಗೆ ಶೇ 13. ಹಿಡಿತ ತಪ್ಪಿದಾಗ ಗಾಳಿಪಟದಿಂದ ತಮ್ಮನ್ನು ಬಿಡಿಸಿಕೊಳ್ಳಲಾಗದೆ ಆದ ಗಾಯಗಳೇ ಅರ್ಧಕ್ಕಿಂತ ಹೆಚ್ಚು, ಶೇ 56. ಆ ಕಾಲಕ್ಕಿಂತ ಈಗಿನ ಸಲಕರಣೆಗಳಲ್ಲಿ ಬಿಡಿಸಿಕೊಳ್ಳುವ ಬೀಗ ಎಷ್ಟೋ ಸುಧಾರಿಸಿದೆ. ಆದರೆ ಪಾಠ ಹಳೆಯದಾಗಿಲ್ಲ: ಹಾರುವುದಕ್ಕಿಂತ ಮೊದಲು ಬಿಡಿಸಿಕೊಳ್ಳಲು ಬರಬೇಕು.

ಫ್ರೀಸ್ಟೈಲ್ ಕಲಿಯುವವರು ನಾಲ್ಕು ಜಾಗ ನೆನಪಿಡಬೇಕು.

👉 *ಭುಜ.* ಎಳೆಯ ವಯಸ್ಸಿನಲ್ಲಿ ಒಮ್ಮೆ ಕೀಲು ತಪ್ಪಿದ ಭುಜ ಮತ್ತೆ ತಪ್ಪುವ ಸಂಭವ ಬಹಳ ಹೆಚ್ಚು. ಅರ್ಧ ಜಾರಿ ತಾನೇ ಕೂತರೂ ಅದು ಗಾಯವೇ. ಮೂಳೆ ವೈದ್ಯರಿಗೆ ತೋರಿಸದೆ ಮತ್ತೆ ಕೊಕ್ಕೆ ಬಿಚ್ಚಬಾರದು.

👉 *ಮಂಡಿ.* ಕಲಿಯುವ ಹಲಗೆಯಲ್ಲಿ ಪಾದಕ್ಕೆ ಬರೀ ಪಟ್ಟಿ ಇರುತ್ತದೆ, ತಪ್ಪಾಗಿ ಬಿದ್ದರೆ ಪಾದ ಕಳಚಿಕೊಳ್ಳುತ್ತದೆ. ಮೇಲ್ಮಟ್ಟದವರು ಬೂಟು ಬಿಗಿದುಕೊಳ್ಳುತ್ತಾರೆ. ಬೂಟಿನಲ್ಲಿ ಪಾದ ಕಳಚುವುದಿಲ್ಲ, ತಿರುಚುವ ಬಲ ನೇರ ಮಂಡಿಗೆ ಹೋಗುತ್ತದೆ, ಒಳಗಿನ ಎಸಿಎಲ್ ಲಿಗಮೆಂಟ್ ಹರಿಯಬಹುದು. ನೆಗೆದು ತಿರುಗುವ ಆಟಗಳಲ್ಲಿ ಈ ಗಾಯ ಹುಡುಗರಿಗಿಂತ ಹುಡುಗಿಯರಿಗೆ ಹೆಚ್ಚು, ಮಗಳಿದ್ದರೆ ಇದನ್ನು ಎರಡು ಸಲ ಓದಿ. ಶಸ್ತ್ರಚಿಕಿತ್ಸೆ ಆದರೆ ಇಂಥ ಆಟಕ್ಕೆ ಮರಳಲು ಕಡಿಮೆಯೆಂದರೂ ಒಂಬತ್ತು ತಿಂಗಳು ಬೇಕು. ಯಾರಾದರೂ ನಾಲ್ಕು ತಿಂಗಳಲ್ಲಿ ಇಳಿದ ಕಥೆ ಹೇಳಿದರೆ ನಂಬಿ ಹಿಂದೆ ಹೋಗಬೇಡಿ.

👉 *ತಲೆ.* ನೀರು ಮೆತ್ತಗೆ ಅಂದುಕೊಳ್ಳುತ್ತೇವೆ. ವೇಗದಲ್ಲಿ ಬಿದ್ದರೆ ಅದು ಗೋಡೆಯೇ. ಬಿದ್ದ ಮೇಲೆ ತಲೆನೋವು, ವಾಂತಿ, ಮಂಕು, ಹೇಳಿದ್ದನ್ನೇ ಹೇಳುವುದು, ಇವುಗಳಲ್ಲಿ ಒಂದು ಕಂಡರೂ ಆ ದಿನದ ಆಟ ಮುಗಿಯಿತು, ನೇರ ವೈದ್ಯರ ಬಳಿಗೆ. ಪ್ರಜ್ಞೆ ತಪ್ಪಿರಲಿಲ್ಲ ಅನ್ನುವುದು ನೆಪವಲ್ಲ. ಪ್ರಜ್ಞೆ ತಪ್ಪದೆಯೂ ಮೆದುಳಿಗೆ ಪೆಟ್ಟಾಗುತ್ತದೆ.

👉 *ಪಕ್ಕೆಲುಬು ಮತ್ತು ಕಿವಿ.* ಚಪ್ಪಟೆಯಾಗಿ ಬಿದ್ದರೆ ಪಕ್ಕೆಲುಬು ನೋಯುತ್ತದೆ, ಕೆಲವೊಮ್ಮೆ ಬಿರಿಯುತ್ತದೆ. ಕಿವಿ ಮೇಲೆ ಬಿದ್ದರೆ ತಮಟೆ ಹರಿಯಬಹುದು. ಕಿವಿಯಿಂದ ರಕ್ತ, ಕೇಳುವುದು ಮಂದವಾಗುವುದು, ತಲೆಸುತ್ತು ಬಂದರೆ ಎಣ್ಣೆ ಬಿಡುವ ಮನೆಮದ್ದು ಖಂಡಿತ ಬೇಡ. ಇಎನ್‌ಟಿ ವೈದ್ಯರಿಗೆ ತೋರಿಸಿ.

*ಮೆಟ್ಟಿಲುಗಳು ಯಾವುವು?*

"ಗಾಳಿ ಬಂದಾಗ ತೂರಿಕೋ" ಅನ್ನುತ್ತಾರೆ ನಮ್ಮವರು. ತೂರುವುದಕ್ಕೂ ಕಣ ಬೇಕು, ಮೊರ ಬೇಕು, ಕಾಳನ್ನು ಮೊದಲು ಬಡಿದಿರಬೇಕು. ಈ ಆಟಕ್ಕೂ ಅಷ್ಟೇ. ಕ್ರಮ ಸುಮಾರಾಗಿ ಹೀಗೆ:

1️⃣ ಹೊರಟ ಜಾಗಕ್ಕೇ ಗಾಳಿಗೆ ಎದುರಾಗಿ ಮರಳಿ ಬರಲು, ಎಡಬಲ ಎರಡೂ ಕಡೆಗೆ, ಬರಬೇಕು. ಗಾಳಿಪಟ ಬಿದ್ದರೆ ತಾನೇ ಸುತ್ತಿಕೊಂಡು ದಡ ಸೇರಲು ಬರಬೇಕು. ಇದು ಬರದವರು ಮುಂದಿನದನ್ನು ಕೇಳಲೇಬಾರದು.

2️⃣ ಗಾಳಿಪಟವನ್ನು ಅಲ್ಲಾಡಿಸದೆ ಬರೀ ಹಲಗೆಯ ಅಂಚಿನಿಂದ ಚಿಮ್ಮುವುದು. ಅರ್ಧ ಅಡಿ ಎದ್ದರೂ ಸಾಕು.

3️⃣ ಕೊಕ್ಕೆ ಹಾಕಿಕೊಂಡೇ ನೆಗೆತ, ಹಿಂಪಲ್ಟಿ, ಮುಂಪಲ್ಟಿ. ಇಳಿಯುವಾಗ ಗಾಳಿಪಟವನ್ನು ಹೋಗುವ ದಿಕ್ಕಿಗೆ ಇಳಿಸಿ, ಮಂಡಿ ಮಡಿಸಿ, ಗಾಳಿ ಹೋಗುವ ಕಡೆಗೆ ಮುಖಮಾಡಿ ಮೆತ್ತಗೆ ಇಳಿಯುವುದು.

4️⃣ ನೆಗೆಯದೆ, ಬರೀ ಜಾರುತ್ತ ಕೊಕ್ಕೆ ಬಿಚ್ಚಿ, ಹಾಕಿ, ಬಿಚ್ಚಿ, ಹಾಕಿ ಅಭ್ಯಾಸ. ಹತ್ತಾರು ಸಲ, ಕಡಿಮೆ ಗಾಳಿಯಲ್ಲಿ.

5️⃣ ಕೊಕ್ಕೆ ಬಿಚ್ಚಿ ಒಂದು ಅಡಿ ಎತ್ತರದ ಚಿಮ್ಮು.

6️⃣ ರೇಲಿ. ಅದು ಹತ್ತಕ್ಕೆ ಎಂಟು ಸಲ ಸರಿಯಾಗಿ ಇಳಿಯುವವರೆಗೆ ಮುಂದೆ ಹೋಗಬಾರದು ಅನ್ನುವುದು ನನ್ನ ಮಾತು.

7️⃣ ಬೆನ್ನು ಮುಂದಾಗಿ ಇಳಿಯುವ 'ಬ್ಲೈಂಡ್' ಇಳಿತ. ಇಳಿದ ಮೇಲೆ ನೀರಿನ ಮೇಲೆಯೇ ಜಾರುತ್ತ ಬಾರನ್ನು ಬೆನ್ನ ಹಿಂದೆ ದಾಟಿಸುವುದು.

8️⃣ ಇಷ್ಟಾದ ಮೇಲೆ ಗಾಳಿಯಲ್ಲಿ ಹ್ಯಾಂಡಲ್ ಪಾಸ್. ರೀಲ್ಸ್‌ನಲ್ಲಿ ಕಾಣುವ '313', 'ಬ್ಯಾಕ್ ಮೋಬ್' ಎಲ್ಲ ಇದರ ಮೇಲಿನ ಅಂತಸ್ತು.

ಗಾಳಿಪಟವನ್ನೇ ಆಕಾಶದಲ್ಲಿ ಪೂರ್ತಿ ಒಂದು ಸುತ್ತು ಹೊಡೆಸುವ 'ಕೈಟ್‌ಲೂಪ್' ಬೇರೆಯೇ ದಾರಿ. ಸುತ್ತು ಹೊಡೆಯುವಾಗ ಅದು ಕುದುರೆಯಂತೆ ಅಡ್ಡಕ್ಕೆ ಎಳೆಯುತ್ತದೆ. ಸುತ್ತು ಪೂರ್ತಿಯಾಗದಿದ್ದರೆ ಇಳಿಯುವ ಹೊತ್ತಿಗೆ ಮೇಲೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಬೇಗ ತಿರುಗುವ ಸಣ್ಣ ಗಾಳಿಪಟದಲ್ಲಿ, ಕಡಿಮೆ ಗಾಳಿಯಲ್ಲಿ, ನೀರು ಬಿಡದೆಯೇ ಮೊದಲು ಕಲಿಯಬೇಕು.

ಇನ್ನೊಂದು ಸಮಾಧಾನದ ವಿಷಯ: ಇದರಲ್ಲಿ ಎಷ್ಟೋ ಪಾಠ ನೆಲದ ಮೇಲೆಯೇ ಕಲಿಯಬಹುದು. ಮರಕ್ಕೋ ಗಟ್ಟಿ ಕಂಬಕ್ಕೋ ಹಗ್ಗ ಕಟ್ಟಿ, ತುದಿಗೆ ಒಂದು ಕೋಲು ಸಿಕ್ಕಿಸಿ, ಅದನ್ನು ಬೆನ್ನ ಹಿಂದೆ ದಾಟಿಸುವ ಅಭ್ಯಾಸವನ್ನು ದೊಡ್ಡ ಆಟಗಾರರೂ ಮಾಡುತ್ತಾರೆ. ಟ್ರ್ಯಾಂಪೋಲಿನ್ ಸಿಕ್ಕಿದರೆ ಇನ್ನೂ ಒಳ್ಳೆಯದು. ಮಗ ಹಬ್ಬಕ್ಕೆ ಬಂದಾಗ ಟೆರೇಸಿನ ಕಂಬಕ್ಕೆ ಹಗ್ಗ ಕಟ್ಟಿ ಕುಣಿಯುತ್ತಿದ್ದರೆ ನಗಬೇಡಿ. ಅವನು ಭುಜ ಉಳಿಸಿಕೊಳ್ಳುತ್ತಿದ್ದಾನೆ.

*ಮೈ ಸಿದ್ಧವೇ? ಮನೆಯಲ್ಲೇ ನೋಡಿ*

ಕೊಕ್ಕೆ ಬಿಚ್ಚುವ ಮೊದಲು ನಾನು ಹುಡುಗರಿಗೆ ಹೇಳುವ ಅಳತೆ ಇದು. ಗ್ರಂಥದ ಮಾತಲ್ಲ, ನನ್ನ ಕೆಲಸದ ಅನುಭವ. ಕಂಬಿ ಹಿಡಿದು 30 ಸೆಕೆಂಡ್ ನೋವಿಲ್ಲದೆ ನೇತಾಡಬೇಕು. ಐದು ಪುಲ್-ಅಪ್ ಸರಿಯಾಗಿ ಬರಬೇಕು. ಮಂಡಿಯೆತ್ತರದ ಮೆಟ್ಟಿಲಿನಿಂದ ಒಂದೇ ಕಾಲಿನ ಮೇಲೆ ಹಾರಿ ಇಳಿದಾಗ ಮಂಡಿ ಒಳಕ್ಕೆ ವಾಲಬಾರದು, ಎರಡೂ ಕಾಲಿಗೆ ಹತ್ತತ್ತು ಸಲ. ಒಂದು ನಿಮಿಷ ಪ್ಲ್ಯಾಂಕ್ ನಿಲ್ಲಬೇಕು. ಇವುಗಳಲ್ಲಿ ಯಾವುದು ಆಗದಿದ್ದರೂ ಮೂರು ತಿಂಗಳು ಮೈ ಗಟ್ಟಿ ಮಾಡಿಕೊಳ್ಳಲಿ. ಗಾಳಿ ಎಲ್ಲಿಗೂ ಹೋಗುವುದಿಲ್ಲ, ಮುಂದಿನ ವರ್ಷವೂ ಬರುತ್ತದೆ.

ವಾರವಿಡೀ ಕುರ್ಚಿಯಲ್ಲಿ ಕೂತು ಶನಿವಾರ ಬೆಳಗ್ಗೆ ರೈಲು ಇಳಿದವರಿಗೆ ಇನ್ನೊಂದು ಮಾತು. ನಿದ್ದೆಗೆಟ್ಟ ಮೈಯಲ್ಲಿ ಹೊಸ ಕಸರತ್ತು ಬೇಡ. ಮೊದಲ ದಿನ ಗೊತ್ತಿದ್ದದ್ದನ್ನೇ ಆಡಿ. ದಣಿದ ಮೇಲೆ "ಇದೊಂದೇ ಕೊನೇದು" ಅನ್ನುತ್ತೀರಲ್ಲ, ನನ್ನ ಬಳಿ ಬರುವ ಗಾಯಗಳಲ್ಲಿ ಎಷ್ಟೋ ಆ ಕೊನೆಯದರಲ್ಲೇ ಆದವು. ಬಿಸಿಲಿನಲ್ಲಿ ಬೆವರು ಗೊತ್ತಾಗುವುದಿಲ್ಲ, ಗಾಳಿ ಒಣಗಿಸಿಬಿಡುತ್ತದೆ. ನೀರು, ಉಪ್ಪು ಹಾಕಿದ ಮಜ್ಜಿಗೆ ಜೊತೆಗಿರಲಿ.

*ಗಾಳಿ, ನೀರು, ಸಲಕರಣೆ*

ಗಾಳಿಯ ವೇಗ ಎರಡು ಪಟ್ಟಾದರೆ ಎಳೆತ ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ. 12 ನಾಟ್ ಅಂದರೆ ಗಂಟೆಗೆ ಸುಮಾರು 22 ಕಿಲೋಮೀಟರ್. ಅದೇ 24 ನಾಟ್ ಆದಾಗ, ಅದೇ ಗಾಳಿಪಟ ಹಿಡಿದವನ ಭುಜದ ಮೇಲೆ ನಾಲ್ಕರಷ್ಟು ಭಾರ. ಆದ್ದರಿಂದ ಹೊಸ ಕಸರತ್ತು ಕಲಿಯುವ ದಿನ ಗಾಳಿ ಹದವಾಗಿರಬೇಕು, ಜೋರಾಗಿ ಅಲ್ಲ.

ರಾಮೇಶ್ವರದ ತಗ್ಗು ನೀರು ಹೊಸಬರಿಗೆ ವರ, ನಿಂತುಕೊಳ್ಳಬಹುದು. ಅದೇ ಮಂಡಿಯುದ್ದದ ನೀರು ನೆಗೆಯುವವರಿಗೆ ಶಾಪ. ಮೂರು ಮೀಟರ್ ಮೇಲಿನಿಂದ ಬಿದ್ದವರಿಗೆ ನೀರಲ್ಲ, ನೆಲ ಸಿಗುತ್ತದೆ. ಕಸರತ್ತಿಗೆ ಕಡಿಮೆಯೆಂದರೂ ಎದೆಮಟ್ಟದ ನೀರು ಬೇಕು. ಗಾಳಿ ಹೋಗುವ ದಿಕ್ಕಿನಲ್ಲಿ ಬಂಡೆ, ದೋಣಿ, ಮೀನುಬಲೆಯ ಗೂಟ, ಜನ ಯಾರೂ ಇರಬಾರದು. ದಡದಿಂದ ಸಮುದ್ರದ ಕಡೆಗೆ ಬೀಸುವ ಗಾಳಿಯಲ್ಲಿ ರಕ್ಷಣಾ ದೋಣಿ ಇಲ್ಲದೆ ಇಳಿಯಲೇಬಾರದು.

ಹೆಲ್ಮೆಟ್, ಎದೆಗೆ ಪೆಟ್ಟು ತಡೆಯುವ ಜಾಕೆಟ್, ದಾರ ಕತ್ತರಿಸುವ ಸಣ್ಣ ಚಾಕು, ಇವಿಷ್ಟೂ ಇರಲಿ. ಹಲಗೆಯನ್ನು ಮೈಗೆ ಹಗ್ಗದಿಂದ ಕಟ್ಟಿಕೊಳ್ಳಬಾರದು, ಅದು ರಪ್ಪನೆ ಹಿಂದಿರುಗಿ ತಲೆಗೆ ಬಡಿಯುತ್ತದೆ.

ಕೊನೆಯದಾಗಿ ಲೀಶ್. ಇದು ಗಾಳಿಪಟಕ್ಕೂ ಮೈಗೂ ಇರುವ ಸುರಕ್ಷತಾ ಹಗ್ಗ. ಇದನ್ನು ಎರಡು ರೀತಿ ಕಟ್ಟಬಹುದು. ಒಂದು ರೀತಿಯಲ್ಲಿ ಬಾರ್ ಕೈಬಿಟ್ಟ ಕೂಡಲೇ ಗಾಳಿಪಟ ಬಲವೆಲ್ಲ ಕಳೆದುಕೊಂಡು ಬಾವುಟದಂತೆ ಬಿದ್ದುಬಿಡುತ್ತದೆ. ಇನ್ನೊಂದು ರೀತಿಯಲ್ಲಿ ಕೈಬಿಟ್ಟರೂ ಗಾಳಿಪಟ ಹಾರುತ್ತಲೇ ಇರುತ್ತದೆ, ಎಳೆತ ಉಳಿಯುತ್ತದೆ. ಪ್ರತಿ ಸಲ ತಪ್ಪಿದಾಗಲೂ ಗಾಳಿಪಟ ಎಬ್ಬಿಸುವ ಕಷ್ಟ ಬೇಡ ಅಂತ ಪಳಗಿದವರು ಈ ಎರಡನೆಯದನ್ನು ಬಳಸುತ್ತಾರೆ. ಅದಕ್ಕೆ ಆಡುವವರೇ ಇಟ್ಟ ಹೆಸರು 'ಸೂಸೈಡ್' ಲೀಶ್. ಹೆಸರೇ ಹೇಳುತ್ತದೆ. ಕಲಿಯುವವರಿಗೆ ಮೊದಲನೆಯದೇ ಸರಿ. ಗಾಳಿಪಟ ಮತ್ತೆ ಎಬ್ಬಿಸಲು ಐದು ನಿಮಿಷ ಹೋದರೆ ಹೋಗಲಿ.

*ಅಪ್ಪ ಅಮ್ಮ ಕೇಳಬೇಕಾದ ಆರು ಪ್ರಶ್ನೆ*

ಬೈಗುಳ ಬೇಡ. ಭಾನುವಾರದ ಫೋನಿನಲ್ಲಿ ಊಟ ಆಯ್ತಾ ಅಂತ ಕೇಳುವಷ್ಟೇ ಸಹಜವಾಗಿ ಕೇಳಿ:

✅ ಈಗ ಎಷ್ಟನೇ ಮೆಟ್ಟಿಲಲ್ಲಿದ್ದೀಯ? ಹಿಂದಿನದು ಹತ್ತಕ್ಕೆ ಎಷ್ಟು ಸಲ ಸರಿಯಾಗಿ ಬರುತ್ತೆ?
✅ ಕಲಿಸುವವರು ದಡದಲ್ಲೋ ದೋಣಿಯಲ್ಲೋ ನಿನ್ನನ್ನು ನೋಡುತ್ತಿರುತ್ತಾರಾ, ಇಲ್ಲ ಫೋನ್ ನೋಡಿ ಕಲಿಯುತ್ತಿದ್ದೀಯಾ?
✅ ಲೀಶ್ ಯಾವ ರೀತಿ ಕಟ್ಟಿದ್ದೀಯ?
✅ ನೀರು ಎಷ್ಟು ಆಳ?
✅ ಜೊತೆಗೆ ಯಾರಿದ್ದಾರೆ? ಅವರ ನಂಬರ್ ನನಗೂ ಕಳಿಸು.
✅ ಇನ್ಶೂರೆನ್ಸ್‌ನಲ್ಲಿ ಸಾಹಸ ಕ್ರೀಡೆ ಸೇರಿದೆಯಾ? ಎಷ್ಟೋ ಪಾಲಿಸಿಗಳು ಇದನ್ನು ಹೊರಗಿಡುತ್ತವೆ. ಕಂಪನಿ ಕೊಟ್ಟಿದೆ ಅಂತ ಸುಮ್ಮನಿರದೆ ಕಾಗದ ತೆಗೆದು ಓದು.

ಈ ಪ್ರಶ್ನೆಗಳನ್ನು ಕೇಳುವ ಅಮ್ಮನಿಗೆ ಮಗ ಸುಳ್ಳು ಹೇಳುವುದಿಲ್ಲ. "ಅಮ್ಮನಿಗೆ ವಿಷಯ ಗೊತ್ತು" ಅಂತ ಅವನಿಗೆ ಗೊತ್ತಾಗಿರುತ್ತದೆ.

"ಇಷ್ಟೆಲ್ಲ ಅಪಾಯ ಇದ್ದರೆ ಬೇಡ ಅನ್ನುವುದೇ ಸುಲಭವಲ್ಲವೇ?" ಅಂತ ನೀವು ಕೇಳಬಹುದು. ನಿಮ್ಮ ಭಯ ಸುಳ್ಳಲ್ಲ, ನನಗೂ ಆ ರಾತ್ರಿ ನಿದ್ದೆ ಬಂದಿರಲಿಲ್ಲ. ಹದಿನಾರರ ಹುಡುಗನಾಗಿದ್ದರೆ, ನಿಮ್ಮ ಮನೆಯಲ್ಲೇ ಇದ್ದರೆ, "ಬೇಡ" ಅನ್ನುವುದಕ್ಕೆ ಅರ್ಥವಿದೆ. ಆದರೆ ಇಪ್ಪತ್ತಾರು ವರ್ಷದ, ಸಾವಿರ ಕಿಲೋಮೀಟರ್ ದೂರದಲ್ಲಿ ಸ್ವಂತ ದುಡಿಮೆಯಲ್ಲಿರುವ ಮಗನಿಗೆ ಹೇಳಿದ "ಬೇಡ" ಅವನ ಕೈ ಹಿಡಿಯುವುದಿಲ್ಲ, ಬಾಯಿ ಮಾತ್ರ ಕಟ್ಟುತ್ತದೆ. ಊರಿನಲ್ಲಾಗಿದ್ದರೆ ಕುಂಟುತ್ತ ಬಂದವನನ್ನು ಪಕ್ಕದ ಮನೆಯ ಅಜ್ಜಿಯೇ ಹಿಡಿದು ಕೂರಿಸುತ್ತಿದ್ದಳು. ಪರಊರಿನ ಪಿಜಿಯಲ್ಲಿ ಅವನು ತೋಳು ಎತ್ತಲಾಗದೆ ಒದ್ದಾಡಿದರೂ ನೋಡುವವರಿಲ್ಲ. ನಮ್ಮಂಥ ಹೊರನಾಡಿನವರಿಗೆ ಇರುವ ಕಣ್ಣು ಅಂದರೆ ಆ ಫೋನ್ ಒಂದೇ. ಅದನ್ನು ನಾವೇ ಮುಚ್ಚಿಕೊಳ್ಳುವುದು ಬೇಡ.

*ಮಕ್ಕಳಿಗೆ ಎರಡು ಮಾತು*

ಅಪ್ಪ ಅಮ್ಮ ಇದನ್ನು ನಿಮಗೆ ಕಳಿಸಿದ್ದರೆ ಸಿಟ್ಟು ಮಾಡಿಕೊಳ್ಳಬೇಡಿ. ನೀವು ನೋಡುವ ಮೂವತ್ತು ಸೆಕೆಂಡಿನ ರೀಲ್ಸ್‌ನಲ್ಲಿ ಇಳಿದ ಒಂದು ನೆಗೆತ ಇರುತ್ತದೆ, ಅದಕ್ಕೂ ಮುಂಚೆ ಬಿದ್ದ ನೂರಾರು ಇರುವುದಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ. ಜೊತೆಯವನು ರೇಲಿ ಹೊಡೆದ ಅಂತ ನೀವು ಹೊಡೆಯಬೇಕಿಲ್ಲ. ಅವನ ಭುಜ ಅವನದು, ನಿಮ್ಮ ಭುಜ ನಿಮ್ಮದು.

ಬಿದ್ದಾಗ "ಬಿದ್ದರೂ ಮೀಸೆ ಮಣ್ಣಾಗಲಿಲ್ಲ" ಅನ್ನುವ ಹಟ ಬೇಡ. ಪೆಟ್ಟಾದ ದಿನವೇ ಒಬ್ಬರಿಗೆ ಹೇಳಿ. ಅಮ್ಮನಿಗೆ ಹೇಳಲು ಭಯವಾದರೆ ಅಕ್ಕನಿಗೋ ಮಾಮನಿಗೋ ಹೇಳಿ. ಆದರೆ ಹೇಳಿ. ನೋವು ಮೂರು ದಿನಕ್ಕಿಂತ ಹೆಚ್ಚು ಉಳಿದರೆ, ಕೈ ತಲೆಯ ಮೇಲೆ ಎತ್ತಲಾಗದಿದ್ದರೆ, ಮಂಡಿ ಊದಿಕೊಂಡರೆ, ನಡೆಯುವಾಗ ಮಂಡಿ ಕೈಕೊಟ್ಟಂತಾದರೆ ಸ್ಪ್ರೇ, ಮಾತ್ರೆ ನಂಬಿಕೊಂಡು ಕೂರಬೇಡಿ, ವೈದ್ಯರಿಗೆ ತೋರಿಸಿ. ಕೀಲು ತಪ್ಪಿದರೆ ಯಾರೋ ಗೆಳೆಯ ಎಳೆದು ಕೂರಿಸಲು ಬಂದರೆ ಬಿಡಬೇಡಿ, ನರಕ್ಕೆ ಪೆಟ್ಟಾಗಬಹುದು. ಕೈಯನ್ನು ಎದೆಗೆ ಕಟ್ಟಿಕೊಂಡು ಆಸ್ಪತ್ರೆಗೆ ಹೋಗಿ.

*ನಮ್ಮ ಹುಡುಗ ಈಗ ಹೇಗಿದ್ದಾನೆ?*

ಶಸ್ತ್ರಚಿಕಿತ್ಸೆ ಆಯಿತು. ಆಮೇಲೆ ತಿಂಗಳುಗಟ್ಟಲೆ ರಬ್ಬರ್ ಪಟ್ಟಿ ಎಳೆಯುವ ವ್ಯಾಯಾಮ. ವಿಡಿಯೋ ಕಾಲ್‌ನಲ್ಲಿ ನಾನು ಎಣಿಸುತ್ತಿದ್ದೆ, ಅವನು ಬೈದುಕೊಳ್ಳುತ್ತಿದ್ದ. ಹೋದ ಗಾಳಿಯ ಹಂಗಾಮಿನಲ್ಲಿ ವೈದ್ಯರ ಒಪ್ಪಿಗೆ ಪಡೆದು ಮತ್ತೆ ನೀರಿಗಿಳಿದ. ಕೊಕ್ಕೆ ಹಾಕಿಕೊಂಡೇ, ಎರಡನೇ ಮೆಟ್ಟಿಲಿನಿಂದ. ಗಾಳಿಪಟ ಅಲ್ಲಾಡಿಸದೆ ಬರೀ ಕಾಲಿನಿಂದ ಚಿಮ್ಮುವ ಪಾಠ, ಮೊದಲ ಸಲ ಬಿಟ್ಟುಹೋಗಿದ್ದ ಪಾಠ.

ಅಕ್ಕನಿಗೆ ಈಗಲೂ ಭಯವಿದೆ. ಆದರೆ ಸಾಮಾನು ಮಾರಿಸುವ ಮಾತು ಬಿಟ್ಟಿದ್ದಾಳೆ. ಮೊನ್ನೆ ಭಾನುವಾರ ನಾನು ಅವರ ಮನೆಯಲ್ಲಿದ್ದಾಗ ಮಗನ ಫೋನ್ ಬಂತು. ಅಡುಗೆಮನೆಯಿಂದಲೇ ಕೂಗಿ ಕೇಳಿದಳು: "ಇವತ್ತು ನೀರು ಎದೆ ತನಕ ಇತ್ತೇನೋ?"

ಆ ಕಡೆಯಿಂದ ನಗು ಕೇಳಿಸಿತು. "ಇತ್ತಮ್ಮ. ಆದರೆ ಎಡ ಮಣಿಕಟ್ಟು ಸ್ವಲ್ಪ ಉಳುಕಿದೆ. ಮಾಮ ಅಲ್ಲೇ ಇದ್ದಾರಾ? ಕೊಡು."

ಉಳುಕಿದ್ದಕ್ಕೆ ನನಗೆ ಬೇಜಾರಾಗಲಿಲ್ಲ. ಹೇಳಿದನಲ್ಲ, ಅಷ್ಟು ಸಾಕು.

ಈ ಬರಹ ತಿಳಿವಳಿಕೆಗೆ ಮಾತ್ರ, ನಿಮ್ಮ ವೈದ್ಯರ ಸಲಹೆಗೆ ಬದಲಿಯಲ್ಲ. ಹೊರ ಊರಿನಲ್ಲಿ ಮಕ್ಕಳಿರುವ ನಮ್ಮ ಕನ್ನಡದ ಮನೆಗಳಿಗೆ ಇದನ್ನು ಕಳುಹಿಸಿ. ಮಕ್ಕಳು ಗಾಳಿಪಟದ ಬದಲು ಬೆಟ್ಟ ಹತ್ತುತ್ತಿರಬಹುದು, ಬೈಕ್ ಓಡಿಸುತ್ತಿರಬಹುದು. ಕೇಳಬೇಕಾದ ರೀತಿ ಒಂದೇ.

ಎಲ್ಲರೂ ಆರೋಗ್ಯವಾಗಿರಿ 🙏